ಕಾಯಿಪಲ್ಯದ ಬೆಳೆಗಳ ನಂಜುರೋಗಗಳೂ ಅವುಗಳ ಕೀಟವಾಹಕಗಳೂ: ಒಂದು ಚಾರಿತ್ರಿಕ ವಿವೇಚನೆ

೧

ಕಾಯಿಪಲ್ಯದ ಬೆಳೆಗಳಿಗೆ ತಗಲುವ ರೋಗಗಳಲ್ಲಿ ಕೆಲವಕ್ಕೆ ಬೂಷ್ಟು ಕಾರಣ, ಕೆಲವಕ್ಕೆ ಬ್ಯಾಕ್ಟೀರಿಯಾ ಕಾರಣ. ಮತ್ತೆ ಕೆಲವಕ್ಕೆ ವೈರಸ್ ಅಥವಾ ನಂಜಾಣು ಎಂದು ಕರೆಯಲಾಗುವ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಗೋಚರವಾಗದ ವಸ್ತು ಕಾರಣ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ತೇಲಿಬಂದು ಎಲೆಯ ಮೇಲೆ ಮೊಳೆತು ತಾವಾಗಿಯೇ ಒಳಹೊಗಬಲ್ಲವು. ನಂಜಾಣುವಿಗಾದರೋ ಸ್ವಂತ ಚಲನೆಯಿಲ್ಲ. ಸಸ್ಯಕೋಶದ ಗಟ್ಟಿಯಾದ ಗೋಡೆಯನ್ನು ಭೇದಿಸುವ ಸಾಮರ್ಥ್ಯವೂ ಇಲ್ಲ. ರೋಗಿಯಾದ ಗಿಡದಿಂದ ಆರೋಗ್ಯದ ಗಿಡಕ್ಕೆ ಅದು ಹೋಗಬೇಕಾದರೆ ಮತ್ತೊಬ್ಬರು ಹೊತ್ತುಕೊಂಡು ಹೋಗಬೇಕು, ಗಾಯಮಾಡಿ ಒಳಗೆ ಬಿಡಬೇಕು. ಈ ಕೆಲಸವನ್ನು ಬಹುಮಟ್ಟಿಗೆ ಮಾಡುವುವು ಗಿಡದ ರಸವನ್ನು ಹೀರಿ ಬದುಕುವ ಸಣ್ಣ ಕೀಟಗಳು: ಸಸ್ಯಹೇನು, ಜಿಗಿಹುಳು, ಬಿಳಿನೊಣ, ಥ್ರಿಪ್ಸ್ ನುಸಿ.

ಯಾವ ರೋಗವನ್ನು ಯಾವ ಕೀಟ ಹರಡುತ್ತದೆ ಎಂಬ ಪಟ್ಟಿ ಇಂದು ಪಠ್ಯಪುಸ್ತಕಗಳಲ್ಲಿ ಸಿದ್ಧವಾಗಿ ದೊರೆಯುತ್ತದೆ. ಆ ಪಟ್ಟಿಯನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ವಿಷಯ ತಿಳಿಯಿತೆಂದು ಹೇಳಲಾಗದು. ಕೀಟದ ಹೆಸರನ್ನು ಕಂಡುಹಿಡಿದುದು ಈ ವಿದ್ಯೆಯ ಇತಿಹಾಸದಲ್ಲಿ ಮೊದಲನೆಯ ಮೆಟ್ಟಿಲು ಮಾತ್ರ. ಆ ಕೀಟ ಎಷ್ಟು ಹೊತ್ತಿನಲ್ಲಿ ನಂಜನ್ನು ಪಡೆಯುತ್ತದೆ, ದೇಹದ ಯಾವ ಭಾಗದಲ್ಲಿ ಇಟ್ಟುಕೊಳ್ಳುತ್ತದೆ, ಎಷ್ಟು ಕಾಲ ಉಳಿಸಿಕೊಳ್ಳುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಒಂದು ಚಿಕಿತ್ಸೆ ಏಕೆ ಫಲಿಸುತ್ತದೆ, ಮತ್ತೊಂದು ಏಕೆ ವ್ಯರ್ಥವಾಗುತ್ತದೆ ಎಂಬುದು ವಿಶದವಾಯಿತು. ಈ ಮಾತನ್ನು ಕೆಲವು ಪ್ರಮುಖ ಘಟ್ಟಗಳ ಮೂಲಕ ಸ್ಥಾಪಿಸಿ, ಕೊನೆಯಲ್ಲಿ ನಮ್ಮ ನಾಡಿನ ಬೆಂಡೆ ಮತ್ತು ಟೊಮೇಟೊ ಬೆಳೆಗಳಿಗೆ ಅನ್ವಯಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

೨

ನಂಜಾಣು ವಿಜ್ಞಾನದ ಚರಿತ್ರೆ ಹೊಗೆಸೊಪ್ಪಿನ ಗಿಡದಿಂದ ಮೊದಲಾಗುತ್ತದೆ. ಹಾಲೆಂಡಿನಲ್ಲಿ ಅಡಾಲ್ಫ್ ಮೇಯರ್ ೧೮೮೬ರಲ್ಲಿ ಆ ಗಿಡದ ಎಲೆಗಳ ಮಚ್ಚೆರೋಗಕ್ಕೆ ಮೊಸಾಯಿಕ್ ಎಂದು ಹೆಸರಿಟ್ಟು, ರೋಗದ ಗಿಡದ ರಸವನ್ನು ಆರೋಗ್ಯದ ಗಿಡಕ್ಕೆ ಚುಚ್ಚಿದರೆ ರೋಗ ಬರುವುದೆಂದು ತೋರಿಸಿದನು. ೧೮೯೨ರಲ್ಲಿ ರಷ್ಯದ ಇವಾನೋವ್‌ಸ್ಕಿ, ಬ್ಯಾಕ್ಟೀರಿಯಾಗಳನ್ನು ತಡೆಯುವ ಪಿಂಗಾಣಿಯ ಶೋಧಕದಲ್ಲಿ ಸೋಸಿದ ರಸವೂ ರೋಗವನ್ನು ತರುವುದನ್ನು ಕಂಡನು. ೧೮೯೮ರಲ್ಲಿ ಬೈಯೆರಿಂಕ್ ಇದು ಬ್ಯಾಕ್ಟೀರಿಯಾ ಅಲ್ಲ, ಸಜೀವವಾದ ಸಾಂಕ್ರಾಮಿಕ ದ್ರವವೆಂದು ನಿರ್ಣಯಿಸಿದನು. ಇಲ್ಲಿ ಗಮನಿಸಬೇಕಾದ ಒಂದು ಸ್ವಾರಸ್ಯವಿದೆ. ಹೊಗೆಸೊಪ್ಪಿನ ಈ ನಂಜು ಮುಖ್ಯವಾಗಿ ಹರಡುವುದು ಮನುಷ್ಯನ ಕೈ, ಬಟ್ಟೆ, ಉಪಕರಣಗಳ ಸ್ಪರ್ಶದಿಂದ. ಅದನ್ನು ಹರಡಲು ರಸಹೀರುವ ಕೀಟದ ಆವಶ್ಯಕತೆಯಿಲ್ಲ. ಆದಕಾರಣ ಯೂರೋಪಿನ ಈ ಮೂವರು ವಿದ್ವಾಂಸರ ಶೋಧನೆ ನಂಜಾಣುವಿನ ಸ್ವರೂಪವನ್ನು ಬೆಳಕಿಗೆ ತಂದಿತೇ ಹೊರತು ವಾಹಕದ ಪ್ರಶ್ನೆಯನ್ನು ಮುಟ್ಟಲಿಲ್ಲ.

ಆ ಪ್ರಶ್ನೆ ಹುಟ್ಟಿದುದು ಜಪಾನಿನ ಬತ್ತದ ಗದ್ದೆಗಳಲ್ಲಿ. ಶಿಗ ಪ್ರಾಂತದಲ್ಲಿ ಬತ್ತದ ಪೈರು ಕುಳ್ಳಾಗಿ ತೆನೆ ಬಿಡದೆ ಹೋಗುವ ಕುಬ್ಜರೋಗಕ್ಕೂ ಜಿಗಿಹುಳುಗಳಿಗೂ ಸಂಬಂಧವುಂಟೆಂಬುದನ್ನು ೧೮೮೩ರಿಂದಲೇ ಹಾಷಿಮೊತೊ ಎಂಬ ರೈತನು ಗಮನಿಸಿದ್ದನು. ೧೮೯೫ರಲ್ಲಿ ತಾಕಾತ ಎಂಬವರು ಈ ಸಂಬಂಧವನ್ನು ಪ್ರಕಟಿಸಿದರು. ಆದರೆ ಅಂದಿನವರ ಅಭಿಪ್ರಾಯದಲ್ಲಿ ಹುಳುವೇ ರೋಗಕ್ಕೆ ಕಾರಣ, ಅದರ ಕಡಿತದ ವಿಷದಿಂದಲೇ ಪೈರು ಕುಳ್ಳಾಗುತ್ತದೆ. ೨೦ನೆಯ ಶತಮಾನದ ಮೊದಲ ದಶಕದಲ್ಲಿ, ರೋಗವಿಲ್ಲದ ಪ್ರದೇಶದಿಂದ ತಂದ ಜಿಗಿಹುಳುಗಳು ಪೈರನ್ನು ಹೀರಿದರೂ ರೋಗ ಬಾರದೆಂಬುದೂ, ಅವೇ ಹುಳುಗಳು ರೋಗದ ಪೈರನ್ನು ಹೀರಿದ ಮೇಲೆ ರೋಗವನ್ನು ತರುತ್ತವೆಂಬುದೂ ಸ್ಪಷ್ಟವಾಯಿತು. ಹುಳು ರೋಗದ ಕಾರಣವಲ್ಲ, ವಾಹಕ. ಕಾರಣಕ್ಕೂ ವಾಹಕಕ್ಕೂ ಇರುವ ಈ ಭೇದವೇ ಮುಂದಿನ ಎಲ್ಲ ಶೋಧನೆಗೂ ತಳಹದಿಯಾಯಿತು.

ಈ ಭೇದ ಇಂದಿಗೂ ಹಳೆಯದಾಗಿಲ್ಲ. ನಮ್ಮ ಧಾರವಾಡ, ಹಾವೇರಿ ಸೀಮೆಯ ಮೆಣಸಿನಗಿಡದ ಮುಟುರು ರೋಗವನ್ನೇ ತೆಗೆದುಕೊಳ್ಳಬಹುದು. ಥ್ರಿಪ್ಸ್ ನುಸಿ ಕೆರೆದು ಹೀರಿದರೂ ಎಲೆ ಮುರುಟುತ್ತದೆ. ಮೈಟ್ ನುಸಿ ಹೀರಿದರೂ ಮುರುಟುತ್ತದೆ. ಬಿಳಿನೊಣ ನಂಜನ್ನು ಬಿಟ್ಟರೂ ಮುರುಟುತ್ತದೆ. ಮೊದಲೆರಡರಲ್ಲಿ ಕೀಟವನ್ನು ನಿವಾರಿಸಿದರೆ ಹೊಸ ಚಿಗುರು ಚೆನ್ನಾಗಿ ಬರಬಹುದು. ಮೂರನೆಯದರಲ್ಲಿ ಕೀಟ ಸತ್ತರೂ ನಂಜು ಗಿಡದಲ್ಲಿ ಉಳಿಯುತ್ತದೆ. ಕಣ್ಣಿಗೆ ಕಾಣುವ ಲಕ್ಷಣ ಒಂದೇ ಆದರೂ ಚಿಕಿತ್ಸೆ ಒಂದೇ ಆಗಲಾರದು.

೩

ಕಾಯಿಪಲ್ಯದ ಬೆಳೆಗಳ ಮಟ್ಟಿಗೆ ಮೊದಲ ಮಹತ್ವದ ಘಟ್ಟವೆಂದರೆ ಸೌತೆಯ ಮೊಸಾಯಿಕ್ ರೋಗ. ಅಮೆರಿಕದಲ್ಲಿ ಡೂಲಿಟಲ್ ಮತ್ತು ಜ್ಯಾಗರ್ ಎಂಬವರು ೧೯೧೬ರಲ್ಲಿ ಪ್ರತ್ಯೇಕವಾಗಿ ಈ ರೋಗವನ್ನು ವರ್ಣಿಸಿದರು. ಆ ವರ್ಷಗಳ ಪ್ರಯೋಗಗಳಿಂದ ಇದನ್ನು ಹರಡುವುದರಲ್ಲಿ ಸಸ್ಯಹೇನಿನ ಪಾತ್ರ ತಿಳಿದುಬಂದಿತು. ಈ ನಂಜಾಣು ಸೌತೆ, ಕುಂಬಳ, ಟೊಮೇಟೊ, ಮೆಣಸಿನಕಾಯಿ, ಬಾಳೆ ಮೊದಲಾಗಿ ನೂರಾರು ಜಾತಿಯ ಸಸ್ಯಗಳಲ್ಲಿ ನೆಲೆಸಬಲ್ಲದು. ಇದನ್ನು ಹೊರುವ ಸಸ್ಯಹೇನುಗಳ ಜಾತಿಗಳೂ ಹಲವು.

ವಾಹಕ ಇಂಥದೆಂದು ತಿಳಿದ ಮೇಲೆ ಅದನ್ನು ಕೊಂದರೆ ರೋಗ ನಿಲ್ಲಬೇಕೆಂಬುದು ಸಹಜವಾದ ಊಹೆ. ಆದರೆ ಹೇನುಗಳಿಗೆ ಕೀಟನಾಶಕ ಹೊಡೆದ ಹೊಲಗಳಲ್ಲಿಯೂ ಈ ಬಗೆಯ ರೋಗಗಳು ಹಬ್ಬುತ್ತಲೇ ಇದ್ದುವು. ಇದರ ರಹಸ್ಯವನ್ನು ಬಿಡಿಸಿದವರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನ ಕೇಂದ್ರದ ಮೇರಿಯನ್ ವಾಟ್ಸನ್ ಅಗ್ರಗಣ್ಯರು. ಕೆಲವು ಹೊತ್ತು ಉಪವಾಸವಿಟ್ಟ ಸಸ್ಯಹೇನನ್ನು ರೋಗದ ಎಲೆಯ ಮೇಲೆ ಕೆಲವೇ ನಿಮಿಷ ಬಿಟ್ಟರೆ ಅದು ನಂಜನ್ನು ಚೆನ್ನಾಗಿ ಹರಡುತ್ತದೆ. ಅದೇ ಎಲೆಯ ಮೇಲೆ ಬಹಳ ಹೊತ್ತು ಹೀರಲು ಬಿಟ್ಟರೆ ಹರಡುವ ಶಕ್ತಿ ಕಡಿಮೆಯಾಗುತ್ತದೆ ಎಂಬುದನ್ನು ಅವರು ಕಂಡರು. ಹೆಚ್ಚು ಹೀರಿದಷ್ಟೂ ಹೆಚ್ಚು ನಂಜು ಸೇರಬೇಕೆಂಬ ನಮ್ಮ ಎಣಿಕೆಗೆ ಇದು ವಿರುದ್ಧವಾದುದು. ೧೯೩೯ರಲ್ಲಿ ವಾಟ್ಸನ್ ಮತ್ತು ರಾಬರ್ಟ್ಸ್ ಕೀಟವಾಹಿತ ನಂಜಾಣುಗಳನ್ನು ಎರಡು ವರ್ಗಗಳಾಗಿ ವಿಂಗಡಿಸಿದರು: ಕೀಟದಲ್ಲಿ ಅಲ್ಪಕಾಲ ಮಾತ್ರ ನಿಲ್ಲುವ ಅಸ್ಥಿರ ನಂಜುಗಳು ಒಂದು, ದೀರ್ಘಕಾಲ ಉಳಿಯುವ ಸ್ಥಿರ ನಂಜುಗಳು ಇನ್ನೊಂದು. ಇವೆರಡರ ನಡುವಣ ವರ್ಗವೊಂದನ್ನು ಸಿಲ್ವೆಸ್ಟರ್ ೧೯೫೬ರಲ್ಲಿ ಸೇರಿಸಿದನು.

ಸೌತೆಯ ಮೊಸಾಯಿಕ್ ಅಸ್ಥಿರ ವರ್ಗಕ್ಕೆ ಸೇರಿದುದು. ಹಾರಿಬಂದ ಹೇನು ಎಲೆಯ ಮೇಲೆ ಕುಳಿತೊಡನೆ ಇದು ತನಗೆ ಒಗ್ಗುವ ಗಿಡವೋ ಅಲ್ಲವೋ ಎಂದು ತಿಳಿಯಲು ಸೂಜಿಯಂತಹ ಬಾಯಿಯಿಂದ ಹೊರಪದರದ ಕೋಶವನ್ನು ಕ್ಷಣಕಾಲ ಚುಚ್ಚಿ ರುಚಿ ನೋಡುತ್ತದೆ. ಒಗ್ಗದಿದ್ದರೆ ಮುಂದಿನ ಗಿಡಕ್ಕೆ ಹಾರುತ್ತದೆ. ನಂಜು ಸಾಗುವುದು ಈ ರುಚಿ ನೋಡುವ ಕ್ಷಣಗಳಲ್ಲಿ. ೧೯೫೫ರಲ್ಲಿ ಕೆನಡದ ಬ್ರ್ಯಾಡ್ಲಿ ಮತ್ತು ಗ್ಯಾನಾಂಗ್, ಆಲೂಗೆಡ್ಡೆಯ ನಂಜಾಣುವೊಂದನ್ನು ಹೊತ್ತ ಹೇನಿನ ಬಾಯಿಸೂಜಿಯ ತುದಿಯನ್ನು ಫಾರ್ಮಾಲಿನ್‌ನಿಂದ ತೊಳೆದರೆ ಅದು ನಂಜನ್ನು ಹರಡಲಾರದೆಂದು ತೋರಿಸಿದರು. ನಂಜು ಇರುವುದು ಆ ತುದಿಯ ಭಾಗದಲ್ಲಿ ಎಂಬುದು ಇದರಿಂದ ವಿದಿತವಾಯಿತು. ಆದರೂ ಅದು ಕೊಳೆಯಂತೆ ಸುಮ್ಮನೆ ಅಂಟಿಕೊಳ್ಳುವುದಲ್ಲ. ೧೯೭೪ರಲ್ಲಿ ಗೋವಿಯರ್ ಮತ್ತು ಕಸಾನಿಸ್ ಅದೇ ಆಲೂಗೆಡ್ಡೆಯ ನಂಜಿನಲ್ಲಿ, ನಂಜಾಣುವನ್ನು ಹೇನು ಹೊರುವಂತೆ ಮಾಡುವ ಸಹಾಯಕ ವಸ್ತುವೊಂದು ರೋಗದ ಗಿಡದಲ್ಲಿ ಉತ್ಪನ್ನವಾಗುವುದನ್ನು ಕಂಡುಹಿಡಿದರು.

ಇಷ್ಟು ತಿಳಿದ ಮೇಲೆ ಸಿಂಪಡಣೆಯ ವೈಫಲ್ಯಕ್ಕೆ ಕಾರಣ ಹುಡುಕಬೇಕಾಗಿಲ್ಲ. ಕೀಟನಾಶಕ ಹೇನನ್ನು ಕೊಲ್ಲಲು ಕೆಲವು ನಿಮಿಷಗಳೋ ಗಂಟೆಗಳೋ ಬೇಕು. ಹೇನು ನಂಜನ್ನು ಬಿಡಲು ಕ್ಷಣಗಳು ಸಾಕು. ಹೇನು ಸಾಯುತ್ತದೆ, ಆದರೆ ತನ್ನ ಕೆಲಸವನ್ನು ಮುಗಿಸಿ ಸಾಯುತ್ತದೆ. ೧೯೬೨ರಲ್ಲಿ ಬ್ರ್ಯಾಡ್ಲಿ ಮತ್ತು ಸಂಗಡಿಗರು ಎಲೆಗೆ ಖನಿಜತೈಲವನ್ನು ಲೇಪಿಸಿದರೆ ಈ ಬಗೆಯ ಪ್ರಸಾರ ಕುಂಠಿತವಾಗುವುದೆಂದು ತೋರಿಸಿದರು. ತೈಲದ ಪ್ರಯೋಜನ ಹೇನಿನ ಸಾವನ್ನು ಅವಲಂಬಿಸಿಲ್ಲ. ಬಾಯಿಸೂಜಿಗೂ ನಂಜಿಗೂ ಇರುವ ಸಂಬಂಧಕ್ಕೆ ಅದು ಅಡ್ಡಬರುತ್ತದೆ. ದಾರಿಯನ್ನು ಅರಿತು ಮಾಡಿದ ಚಿಕಿತ್ಸೆಗೆ ಇದು ಒಳ್ಳೆಯ ನಿದರ್ಶನ.

೪

ಸ್ಥಿರ ನಂಜುಗಳ ದಾರಿ ಬೇರೆ. ಪೂರ್ವ ಆಫ್ರಿಕದ ಅಮಾನಿ ಕೇಂದ್ರದಲ್ಲಿ ಸ್ಟೋರಿ ಎಂಬಾತನು ಮುಸುಕಿನ ಜೋಳದ ಗೆರೆರೋಗವನ್ನು ಹರಡುವ ಜಿಗಿಹುಳುವಿನಲ್ಲಿ ಎರಡು ಬಗೆಗಳನ್ನು ಗುರುತಿಸಿದನು. ಒಂದು ನಂಜನ್ನು ಹರಡಬಲ್ಲದು; ಇನ್ನೊಂದು ಅದೇ ಜಾತಿಯದಾದರೂ ಹರಡಲಾರದು. ಹರಡಲಾರದ ಹುಳುವಿನ ಕರುಳನ್ನು ಸೂಕ್ಷ್ಮವಾದ ಸೂಜಿಯಿಂದ ಚುಚ್ಚಿದಾಗ ಅದಕ್ಕೂ ಹರಡುವ ಶಕ್ತಿ ಬಂದಿತೆಂದು ೧೯೩೩ರಲ್ಲಿ ಅವನು ಪ್ರಕಟಿಸಿದನು. ನಂಜು ಬಾಯಿಯಿಂದ ಕರುಳಿಗೆ ಇಳಿದು, ಕರುಳಿನ ಗೋಡೆಯನ್ನು ದಾಟಿ, ದೇಹದ್ರವದಲ್ಲಿ ಸಂಚರಿಸಿ, ಜೊಲ್ಲಿನ ಗ್ರಂಥಿಯನ್ನು ಸೇರಿ, ಮುಂದಿನ ಗಿಡವನ್ನು ಹೀರುವಾಗ ಜೊಲ್ಲಿನೊಡನೆ ಹೊರಬರುತ್ತದೆ. ಕರುಳಿನ ಗೋಡೆ ಬಿಡದಿದ್ದರೆ ಪ್ರಯಾಣ ಅಲ್ಲಿಗೇ ನಿಲ್ಲುತ್ತದೆ. ಇದೇ ವರ್ಷ ಜಪಾನಿನ ಫುಕುಷಿ, ಬತ್ತದ ಕುಬ್ಜರೋಗದ ನಂಜು ತಾಯಿ ಜಿಗಿಹುಳುವಿನಿಂದ ಮೊಟ್ಟೆಯ ಮೂಲಕ ಮರಿಗಳಿಗೂ ಹೋಗುವುದನ್ನು ತಿಳಿಸಿದನು. ಅಂಥ ನಂಜಾಣು ಕೀಟದ ದೇಹದಲ್ಲಿಯೇ ವೃದ್ಧಿಯಾಗುತ್ತದೆಂಬ ನಿರ್ಣಯಕ್ಕೆ ಇದು ದಾರಿಮಾಡಿತು.

ಟೊಮೇಟೊ ಗಿಡದ ಚುಕ್ಕೆ ಸೊರಗುರೋಗದ ವಿಷಯದಲ್ಲಿ ಕಾಲದ ನಿಯಮ ಇನ್ನೂ ವಿಚಿತ್ರವಾದುದು. ಆಸ್ಟ್ರೇಲಿಯದಲ್ಲಿ ಪಿಟ್‌ಮನ್ ೧೯೨೭ರಲ್ಲಿ ಇದರ ವಾಹಕ ಥ್ರಿಪ್ಸ್ ನುಸಿಯೆಂದು ತಿಳಿಸಿದನು. ಅನಂತರದ ಪ್ರಯೋಗಗಳಿಂದ, ನುಸಿ ಮರಿಯಾಗಿದ್ದಾಗ ನಂಜನ್ನು ಪಡೆದಿದ್ದರೆ ಮಾತ್ರ ಬೆಳೆದ ಮೇಲೆ ಅದನ್ನು ಹರಡುತ್ತದೆಂದು ಗೊತ್ತಾಯಿತು. ಬೆಳೆದ ನುಸಿ ರೋಗದ ಎಲೆಯನ್ನು ಎಷ್ಟು ಮೇಯ್ದರೂ ವಾಹಕವಾಗದು. ಹಾಗಾದರೆ ರೋಗದ ಆಗರವಾಗುವುವು ನುಸಿ ಮೊಟ್ಟೆಯಿಟ್ಟು ಮರಿಮಾಡುವ ಗಿಡಗಳು. ಹಾದುಹೋಗುವಾಗ ಕುಳಿತೇಳುವ ಗಿಡಗಳಲ್ಲ. ಹೊಲದ ಸುತ್ತಲಿನ ಯಾವ ಕಳೆಯನ್ನು ಮೊದಲು ಕೀಳಬೇಕೆಂಬ ಪ್ರಶ್ನೆಗೆ ಈ ಒಂದು ನಿಯಮದಿಂದ ಉತ್ತರ ಸಿಕ್ಕುತ್ತದೆ.

೫

ಈಗ ಭಾರತದ ವಿಷಯಕ್ಕೆ ಬರೋಣ. ನಮ್ಮಲ್ಲಿ ಈ ವಿದ್ಯೆಯ ಇತಿಹಾಸಕ್ಕೆ ಬೆಂಡೆಯ ಹಳದಿ ನರದ ರೋಗಕ್ಕಿಂತ ಉತ್ತಮವಾದ ಉದಾಹರಣೆ ಇಲ್ಲವೆನ್ನಬಹುದು. ಮೊದಲು ಎಲೆಯ ನರಗಳು ಬಲೆಯಂತೆ ಹಳದಿಯಾಗಿ, ಬಳಿಕ ಎಲೆಯೆಲ್ಲ ಬಿಳಿಚಿ, ಕಾಯಿ ಸಣ್ಣದಾಗಿ ನಾರುಗಟ್ಟುವ ಈ ರೋಗವನ್ನು ೧೯೨೪ರಲ್ಲಿ ಕುಲಕರ್ಣಿ ಎಂಬವರು ಮುಂಬಯಿ ಪ್ರಾಂತದಿಂದ ವರದಿ ಮಾಡಿದರು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಅಂದು ಆ ಪ್ರಾಂತಕ್ಕೆ ಸೇರಿದ್ದುವೆಂಬುದನ್ನು ಇಲ್ಲಿ ನೆನೆಯಬಹುದು. ೧೯೪೦ರಲ್ಲಿ ಉಪ್ಪಲ್, ವರ್ಮ ಮತ್ತು ಕಪೂರ್ ಇದು ನಂಜುರೋಗವೆಂದು ಸ್ಥಾಪಿಸಿ, ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ೧೯೫೦ರಲ್ಲಿ ಕಪೂರ್ ಮತ್ತು ವರ್ಮ ಬಿಳಿನೊಣವೇ ಇದರ ವಾಹಕವೆಂದು ನಿರೂಪಿಸಿದರು.

ಈ ನಂಜು ಗಿಡದ ರಸವನ್ನು ತಿಕ್ಕಿದರೆ ಅಂಟುವುದಿಲ್ಲ, ಬೀಜದಿಂದಲೂ ಬರುವುದಿಲ್ಲ, ಕಸಿಯಿಂದಲೂ ಬಿಳಿನೊಣದಿಂದಲೂ ಮಾತ್ರ ಹರಡುತ್ತದೆ. ಈ ಮೂರು ಮಾತುಗಳಲ್ಲಿ ಒಕ್ಕಲಿಗನಿಗೆ ಬೇಕಾದ ತಿಳಿವಳಿಕೆ ಬಹಳಷ್ಟು ಅಡಗಿದೆ. ಕಾಯಿ ಕೊಯ್ಯುವ ಕೈಯನ್ನು ದೂಷಿಸಬೇಕಾಗಿಲ್ಲ, ಬಿತ್ತನೆಯ ಬೀಜವನ್ನು ಸಂಶಯಿಸಬೇಕಾಗಿಲ್ಲ. ನೋಡಬೇಕಾದುದು ಎಲೆಯ ಹಿಂಬದಿಯನ್ನು. ಬಿಳಿನೊಣ ಅಲ್ಲಿಯೇ ಕುಳಿತು ಹೀರುತ್ತದೆ, ಅಲ್ಲಿಯೇ ಮೊಟ್ಟೆಯಿಡುತ್ತದೆ. ಮೇಲಿನಿಂದ ಹೊಡೆದ ಔಷಧಿ ಅಲ್ಲಿಗೆ ಸುಲಭವಾಗಿ ತಲಪುವುದಿಲ್ಲ.

ರೋಗ ಯಾವಾಗ ತಗಲಿತೆಂಬುದೂ ಬಹು ಮುಖ್ಯ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನ ಸಂಸ್ಥೆಯಲ್ಲಿ ಶಾಸ್ತ್ರಿ ಮತ್ತು ಸಿಂಗ್ ಎಂಬವರು ೧೯೭೪ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮೊಳೆತ ೩೫ ದಿನಗಳೊಳಗೆ ರೋಗ ತಗಲಿದರೆ ಬೆಂಡೆಯ ಫಸಲಿನಲ್ಲಿ ನೂರಕ್ಕೆ ಸುಮಾರು ೯೪ ಭಾಗ ನಷ್ಟ. ೫೦ ದಿನಗಳಿಗೆ ತಗಲಿದರೆ ಸುಮಾರು ೮೪. ೬೫ ದಿನಗಳಿಗೆ ತಗಲಿದರೆ ಸುಮಾರು ೪೯. ಅರ್ಧ ಎಕರೆಯಲ್ಲಿ ಬೆಂಡೆ ಹಾಕಿ ವಾರದ ಸಂತೆಯನ್ನೇ ನೆಚ್ಚಿದ ಕುಟುಂಬಕ್ಕೆ ಮೊದಲ ಅಂಕಿಗೂ ಕೊನೆಯ ಅಂಕಿಗೂ ಇರುವ ಅಂತರವೆಂದರೆ ಬೀಜ ಗೊಬ್ಬರಗಳ ಸಾಲ ತೀರುವುದಕ್ಕೂ ಉಳಿಯುವುದಕ್ಕೂ ಇರುವ ಅಂತರ. ರೋಗವನ್ನು ಪೂರ್ತಿ ತಡೆಯಲಾಗದಿದ್ದರೂ ಒಂದು ತಿಂಗಳು ಮುಂದೂಡುವುದೇ ದೊಡ್ಡ ಲಾಭವೆಂಬುದು ಇದರಿಂದ ಸಿದ್ಧವಾಗುತ್ತದೆ.

೬

ಟೊಮೇಟೊ ಗಿಡದ ಎಲೆಮುದುಡು ರೋಗದ ಕಥೆಯೂ ಇದೇ ಜಾಡಿನದು. ೧೯೪೮ರಲ್ಲಿ ವಾಸುದೇವ ಮತ್ತು ಸಾಮ್‌ರಾಜ್ ಇದನ್ನು ಭಾರತದಿಂದ ವರ್ಣಿಸಿದರು. ಇದರ ವಾಹಕವೂ ಬಿಳಿನೊಣವೇ. ಇಂಥ ನಂಜಾಣುಗಳ ಬೀಜದ್ರವ್ಯ ಏಕಸೂತ್ರದ ಡಿ.ಎನ್.ಎ. ಎಂಬುದು ೧೯೭೭ರಲ್ಲಿ ಗುಡ್‌ಮನ್ ಮತ್ತು ಹ್ಯಾರಿಸನ್ ಅವರ ಪ್ರತ್ಯೇಕ ಶೋಧನೆಗಳಿಂದ ತಿಳಿಯಿತು. ಕಣಗಳು ಎರಡೆರಡು ಜೋಡಿಯಾಗಿ ಕಾಣುವುದರಿಂದ ಇವಕ್ಕೆ ಯಮಳ ಎಂಬರ್ಥದ ಜೆಮಿನಿ ವೈರಸ್ ಎಂಬ ಹೆಸರು.

ಕೋಲಾರ, ಬೆಂಗಳೂರು ಜಿಲ್ಲೆಗಳಲ್ಲಿ ಟೊಮೇಟೊ ವರ್ಷವೆಲ್ಲ ಬೆಳೆಯುವ ಬೆಳೆ. ಒಂದು ಹೊಲದ ಬೆಳೆ ಮುಗಿಯುವ ವೇಳೆಗೆ ಪಕ್ಕದ ಹೊಲದಲ್ಲಿ ನಾಟಿ ನಡೆಯುತ್ತಿರುತ್ತದೆ. ನಂಜಿಗೂ ನೊಣಕ್ಕೂ ವಿರಾಮವಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಮುನಿಯಪ್ಪನವರೂ ಅವರ ಸಹೋದ್ಯೋಗಿಗಳೂ ದಶಕಗಳ ಕಾಲ ನಡೆಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಸ್ಮರಣೀಯವಾದುದು. ಬೇಸಗೆಯ ನಾಟಿಗೆ ರೋಗ ಅತ್ಯಧಿಕವೆಂದೂ ಮಳೆಗಾಲದ ನಾಟಿಗೆ ಕಡಿಮೆಯೆಂದೂ ೧೯೮೯ರಲ್ಲಿ ಸೈಕಿಯಾ ಮತ್ತು ಮುನಿಯಪ್ಪ ಪ್ರಕಟಿಸಿದರು. ಬಿಳಿನೊಣದ ಸಂಖ್ಯೆ ಬಿಸಿಲಿನ ದಿನಗಳಲ್ಲಿ ಏರುವುದೇ ಇದಕ್ಕೆ ಹೇತು. ಬೆಂಗಳೂರಿನ ನಂಜಿನ ಮೇಲೆ ೨೦೦೦ದಲ್ಲಿ ಪ್ರಕಟವಾದ ಪ್ರಯೋಗಗಳಂತೆ ಬಿಳಿನೊಣ ರೋಗದ ಗಿಡವನ್ನು ೧೦ ನಿಮಿಷ ಹೀರಿದರೆ ನಂಜನ್ನು ಪಡೆಯಬಲ್ಲದು. ಆರೋಗ್ಯದ ಗಿಡವನ್ನು ೨೦ ನಿಮಿಷ ಹೀರಿದರೆ ಬಿಡಬಲ್ಲದು. ಒಂದು ದಿನ ಪೂರ್ತಿ ಹೀರಿದ ನೊಣ ೧೨ ದಿನಗಳವರೆಗೆ ನಂಜನ್ನು ಉಳಿಸಿಕೊಳ್ಳಬಲ್ಲದು. ಹೆಣ್ಣುನೊಣ ಗಂಡಿಗಿಂತ ಹೆಚ್ಚು ಸಮರ್ಥವಾದ ವಾಹಕ.

ಸಸ್ಯಹೇನಿನ ಕ್ಷಣಗಳೊಡನೆ ಈ ನಿಮಿಷಗಳನ್ನು ಹೋಲಿಸಿ ನೋಡಬೇಕು. ಬಿಳಿನೊಣ ಆಳವಾಗಿ ಚುಚ್ಚಿ ಗಿಡದ ಆಹಾರವಾಹಿನಿಯನ್ನು ತಲಪಬೇಕಾಗಿರುವುದರಿಂದ ಅದಕ್ಕೆ ಹೊತ್ತು ಹಿಡಿಯುತ್ತದೆ. ಆದಕಾರಣ ಇಲ್ಲಿ ಕೀಟನಾಶಕ ಸಂಪೂರ್ಣ ನಿಷ್ಫಲವಲ್ಲ. ಆದರೆ ಹೊರಗಿನಿಂದ ದಿನವೂ ಹಾರಿಬರುವ ನೊಣಗಳು ಸಿಂಪಡಿಸಿದ ಹೊಲವನ್ನು ಮತ್ತೆ ತುಂಬುತ್ತವೆ, ಮತ್ತು ಪದೇ ಪದೇ ಪ್ರಯೋಗಿಸಿದ ವಿಷಕ್ಕೆ ಅವು ಒಗ್ಗಿಕೊಳ್ಳುತ್ತವೆ. ಸಸಿಮಡಿಯನ್ನು ಸಣ್ಣಕಣ್ಣಿನ ನೈಲಾನ್ ಪರದೆಯಿಂದ ಮುಚ್ಚುವ ಸರಳೋಪಾಯಕ್ಕೆ ಬೆಲೆ ಬಂದುದು ಈ ಹಿನ್ನೆಲೆಯಲ್ಲಿ. ಎಳೆಯ ವಯಸ್ಸಿನ ಸೋಂಕೇ ಘಾತಕವಾದುದರಿಂದ, ಸಸಿ ಮಡಿಯಲ್ಲಿರುವಷ್ಟು ದಿನ ನೊಣ ಅದನ್ನು ಮುಟ್ಟದಂತೆ ನೋಡಿಕೊಂಡರೆ ನಂಜಿಲ್ಲದ ಸಸಿ ಹೊಲಕ್ಕೆ ಹೋಗುತ್ತದೆ.

ಎರಡನೆಯ ಉಪಾಯ ನಿರೋಧಕ ತಳಿ. ೨೧ನೆಯ ಶತಮಾನದ ಆರಂಭದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ನಂದಿ, ಸಂಕ್ರಾಂತಿ, ವೈಭವ್ ಎಂಬ ಟೊಮೇಟೊ ತಳಿಗಳನ್ನು ಹೊರತಂದಿತು. ತೋಟಗಾರಿಕಾ ಸಂಶೋಧನ ಸಂಸ್ಥೆ ಟೊಮೇಟೊದಲ್ಲಿ ಅರ್ಕಾ ರಕ್ಷಕ್ ಎಂಬ ಸಂಕರ ತಳಿಯನ್ನೂ, ಬೆಂಡೆಯಲ್ಲಿ ಕಾಡುಜಾತಿಯೊಂದರ ನಿರೋಧಗುಣವನ್ನು ಸೇರಿಸಿದ ಅರ್ಕಾ ಅನಾಮಿಕಾ ಎಂಬ ತಳಿಯನ್ನೂ ಕೊಟ್ಟಿತು. ಇವುಗಳಿಂದ ಆದ ಉಪಕಾರ ಸಣ್ಣದಲ್ಲ.

೭

ಆದರೂ ನಿರೋಧಕ ತಳಿಯೇ ಕೊನೆಯ ಮಾತೆಂದು ಹೇಳಲು ಇತಿಹಾಸ ಅವಕಾಶ ಕೊಡುವುದಿಲ್ಲ. ೧೯೬೦ರ ಸುಮಾರಿಗೆ ದೆಹಲಿಯಿಂದ ಹೊರಬಂದ ಪೂಸಾ ಸಾವನಿ ಎಂಬ ಬೆಂಡೆ ತಳಿ ಮೊದಲು ಹಳದಿ ರೋಗಕ್ಕೆ ಬಗ್ಗದೆ ದೇಶದ ತುಂಬ ಹರಡಿತು. ಬಳಿಕ ಅದರ ಶಕ್ತಿ ಉಡುಗಿ ಅದೂ ರೋಗಕ್ಕೆ ತುತ್ತಾಯಿತು. ೨೦೦೩ರಲ್ಲಿ ಜೋಸ್ ಮತ್ತು ಉಷಾ, ಬೆಂಡೆಯ ಈ ರೋಗ ಉಂಟಾಗಲು ಮೂಲ ನಂಜಾಣುವಿನ ಜೊತೆಗೆ ಉಪಗ್ರಹವೆಂದು ಕರೆಯಬಹುದಾದ ಇನ್ನೊಂದು ಕಿರಿಯ ಡಿ.ಎನ್.ಎ. ತುಣುಕೂ ಬೇಕೆಂದು ತೋರಿಸಿದರು. ನಾವು ಒಂದೇ ಎಂದು ಭಾವಿಸಿದ ಶತ್ರು ಇಬ್ಬರ ಕೂಟವಾಗಿತ್ತು. ವಾಹಕವೂ ಇದ್ದಂತೆಯೇ ಇರಲಿಲ್ಲ. ೧೯೯೯ರಲ್ಲಿ ಕೋಲಾರದಲ್ಲಿ ಬಿ ಬಗೆಯೆಂದು ಹೆಸರಾದ ಹೊರಗಿನ ಬಿಳಿನೊಣ ಗೋಚರಿಸಿತು. ನೋಟಕ್ಕೆ ಸ್ಥಳೀಯ ನೊಣದಂತೆಯೇ ಇದ್ದರೂ ಇದು ಹೊರದೇಶಗಳಲ್ಲಿ ಹಲವು ಬೆಳೆಗಳನ್ನು ಹಾಳುಗೆಡವಿದುದೆಂದು ಖ್ಯಾತವಾದುದು, ಡಿ.ಎನ್.ಎ. ಪರೀಕ್ಷೆಯಿಂದ ಇದರ ಗುರುತು ಸ್ಥಿರವಾಯಿತು.

ಮೇಲಿನ ಘಟ್ಟಗಳನ್ನೆಲ್ಲ ಒಟ್ಟಿಗೆ ನೋಡಿದಾಗ ಒಂದು ಕ್ರಮ ನಮಗೆ ಗೋಚರಿಸುತ್ತದೆ. ಗಿಡ, ನಂಜು, ಕೀಟ ಎಂಬ ಮೂರರಲ್ಲಿ ಯಾವುದಾದರೂ ಒಂದನ್ನು ಮಾತ್ರ ನೋಡಿದ ಚಿಕಿತ್ಸೆಗಳು ಬೇಗ ಸೋತಿವೆ. ಮೂರರ ನಡುವಣ ದಾರಿಯನ್ನೂ ಅದಕ್ಕೆ ಹಿಡಿಯುವ ಕಾಲವನ್ನೂ ಅಳೆದು ರೂಪಿಸಿದವು ಹೆಚ್ಚು ಬಾಳಿವೆ. ಖನಿಜತೈಲ, ಸಸಿಮಡಿಯ ಪರದೆ, ನಾಟಿಯ ಕಾಲದ ಆಯ್ಕೆ, ಹಳೆಯ ಬೆಳೆಯ ಗಿಡಗಳನ್ನು ಕಿತ್ತು ತೆಗೆಯುವುದು, ಇವು ಯಾವುವೂ ಬೆರಗುಗೊಳಿಸುವ ಸಾಧನಗಳಲ್ಲ. ಆದರೆ ಇವುಗಳಲ್ಲಿ ಪ್ರತಿಯೊಂದರ ಹಿಂದೆಯೂ ಒಂದು ಪ್ರಯೋಗವಿದೆ, ಒಂದು ಅಳತೆಯಿದೆ. ತಳಿ ಬದಲಾಗುತ್ತದೆ, ನಂಜು ಬದಲಾಗುತ್ತದೆ, ನೊಣವೂ ಬದಲಾಗುತ್ತದೆ. ಆದುದರಿಂದ ಒಮ್ಮೆ ತೆಗೆದ ಅಳತೆಯನ್ನು ಕಾಲಕಾಲಕ್ಕೆ ಮತ್ತೆ ತೆಗೆಯಬೇಕಾಗುತ್ತದೆ. ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಕೀಟದ ಬಾಯನ್ನೂ ಕೀಟಶಾಸ್ತ್ರದ ವಿದ್ಯಾರ್ಥಿಗಳು ಗಿಡದ ನರವನ್ನೂ ಸಮಾನವಾದ ಆಸಕ್ತಿಯಿಂದ ಅಭ್ಯಾಸ ಮಾಡಿದರೆ ಈ ಕೆಲಸ ಮುಂದುವರಿಯುತ್ತದೆ. ನಮ್ಮ ಕಾಲೇಜುಗಳ ಸುತ್ತಮುತ್ತಲ ಬೆಂಡೆ, ಟೊಮೇಟೊ ಹೊಲಗಳೇ ಅದಕ್ಕೆ ಸಾಕಾದ ಪ್ರಯೋಗಶಾಲೆಗಳು.